ಕಾರ್ ಶೆಡ್ಡಿನಲ್ಲಿ ಅಪ್ಪನ ಉಳಿಗಳು

ಕಾರು ನಿಲ್ಲುವ ಜಾಗದಲ್ಲೇ ಮರಗೆಲಸ ಮಾಡಬೇಕು, ತಂದೆಯವರ ಉಳಿ, ಗರಗಸಗಳು ಕಣ್ಣೆದುರೇ ಇರಬೇಕು ಎಂದು ಬರೆದಿದ್ದೀರಿ. ಬಹಳ ಒಳ್ಳೆಯ ಆಸೆ. ಹಾಗಿದ್ದರೆ ಗೋಡೆಯಿಂದ ಶುರುಮಾಡಿ.

18 ಮಿ.ಮೀ. ಪ್ಲೈವುಡ್ ಪಟ್ಟಿಯನ್ನು ಉದ್ದಕ್ಕೂ 45 ಡಿಗ್ರಿ ಓರೆಯಾಗಿ ಸೀಳಿಸಿ. ಒಂದು ಹೋಳನ್ನು, ಓರೆ ಅಂಚು ಮೇಲೆ ಬಂದು ಗೋಡೆಯ ಕಡೆಗೆ ಇಳಿಯುವಂತೆ, ಪ್ಲಗ್ ಹಾಕಿ ಸ್ಕ್ರೂ ಮಾಡಿ. ಇನ್ನೊಂದನ್ನು ತಲೆಕೆಳಗಾಗಿಸಿ ಉಪಕರಣದ ಹಲಗೆಯ ಬೆನ್ನಿಗೆ ಬಿಗಿಯಿರಿ. ಹಲಗೆ ತನ್ನ ಭಾರಕ್ಕೇ ಕಚ್ಚಿ ಕೂರುತ್ತದೆ. ಬೇಕಾದಾಗ ಎತ್ತಿ ಪಕ್ಕಕ್ಕೆ ಸರಿಸಬಹುದು. ಒಂದೊಂದು ಉಳಿಯ ಹಿಡಿಗೂ ಅದರದೇ ಅಳತೆಯ ಕಚ್ಚನ್ನು ನೀವೇ ಕೊರೆಯಿರಿ. ಅಂಗಡಿಯಲ್ಲಿ ಸಿಗುವ ಸಿದ್ಧ ಸ್ಟ್ಯಾಂಡ್ ಖಂಡಿತ ಬೇಡ, ಆ ಹಳೆಯ ಹಿಡಿಗಳು ಅದರಲ್ಲಿ ನಿಲ್ಲುವುದಿಲ್ಲ.

ಮೇಜನ್ನು ಗೋಡೆಗೇ ಕೀಲು ಹಾಕಿ ಮಡಚುವಂತೆ ಮಾಡಿಸಿ, ರಾತ್ರಿ ಕಾರಿಗೆ ಜಾಗವಾಗುತ್ತದೆ. ಕೈ ಇಳಿಬಿಟ್ಟು ನಿಂತಾಗ ನಿಮ್ಮ ಮಣಿಕಟ್ಟು ಎಲ್ಲಿಗೆ ಬರುತ್ತದೋ ಅದೇ ಅದರ ಎತ್ತರ. ಕೀಸುವಾಗ ಬೆನ್ನಿಗೆ ಆರಾಮ.

ಮಳೆಗಾಲದಲ್ಲಿ ಒದ್ದೆ ಕಾರಿನ ಜತೆ ತೇವವೂ ಒಳಬರುತ್ತದೆ. ಅಲಗುಗಳಿಗೆ ತೆಳುವಾಗಿ ಮಷೀನ್ ಎಣ್ಣೆ ಸವರಿಡಿ. ಪ್ಲಗ್ ಪಾಯಿಂಟ್‌ಗಳನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು.