ವಯಸ್ಸಿನ ಮೇಲೆ ಹೊರಿಸಿದ ತಪ್ಪು

ಹಲಸೂರಿನಲ್ಲಿ ಒಸಡಿನ ಚಿಕಿತ್ಸೆ ಮಾಡುತ್ತಲೇ ನನಗೂ ತಲೆ ನರೆಯಿತು. ಶಿವಾಜಿನಗರದ ವ್ಯಾಪಾರಿಗಳು, ಇಂದಿರಾನಗರದ ಸಾಫ್ಟ್‌ವೇರ್ ದಂಪತಿಗಳು, ಕೆ.ಆರ್. ಪುರದಿಂದ ಮೆಟ್ರೊ ಹತ್ತಿ ಬರುವ ಅಜ್ಜಿಯರು ಕಲಿಸಿದ್ದರಲ್ಲಿ ಕೆಲವನ್ನು ಇಲ್ಲಿ ಬರೆದಿದ್ದೇನೆ.

1. "ವಯಸ್ಸಾಯ್ತಲ್ಲ" ಅನ್ನುವುದು ರೋಗದ ಹೆಸರಲ್ಲ.

ಮೊದಲ ವರ್ಷಗಳಲ್ಲಿ ಹಲ್ಲು ಅಲುಗಾಡುತ್ತದೆ ಎಂದು ಬಂದ ಹಿರಿಯರಿಗೆ ನಾನು ಇದೇ ಮಾತು ಹೇಳುತ್ತಿದ್ದೆ. ಕಿತ್ತು ಸೆಟ್ ಕಟ್ಟಿಸುವುದೇ ದಾರಿ ಎನ್ನುತ್ತಿದ್ದೆ. ಹೂ ಮಾರುವ ತಾಯಿಯೊಬ್ಬರು, "ಕೀಳೋಕ್ ಮುಂಚೆ ಉಳಿಯುತ್ತಾ ಅಂತ ಒಂದ್ಸಲ ನೋಡಮ್ಮ" ಎಂದರು. ಅಳೆದು ನೋಡಿದೆ. ಆರೋಗ್ಯವಾಗಿರುವ ಒಸಡಿಗೂ ಹಲ್ಲಿಗೂ ನಡುವಿನ ಸಂದಿನ ಆಳ ಸಾಮಾನ್ಯವಾಗಿ 3 ಮಿ.ಮೀ. ದಾಟುವುದಿಲ್ಲ. ಅವರಿಗೆ ಕಿಟ್ಟ ಕಟ್ಟಿದ ಕಡೆಯಲ್ಲೆಲ್ಲ ಅದರ ಎರಡರಷ್ಟು ಆಳವಾಗಿತ್ತು, ಉಳಿದ ಕಡೆ ಸರಿಯಾಗಿಯೇ ಇತ್ತು. ಬರೀ ವಯಸ್ಸೇ ಕಾರಣವಾಗಿದ್ದರೆ ಬಾಯಿಯೆಲ್ಲ ಒಂದೇ ಸಮ ಹಾಳಾಗಬೇಕಿತ್ತು. ನಾನು ಕೀಳಬೇಕೆಂದಿದ್ದ ಹಲ್ಲುಗಳಲ್ಲಿ ಹೆಚ್ಚಿನವು ಉಳಿದವು. ಅಳೆಯದೆಯೇ ಕೀಳಿಸಿದ ಬೇರೆಯವರ ಹಲ್ಲುಗಳ ನೆನಪು ಈಗಲೂ ನೋಯಿಸುತ್ತದೆ.

2. ಆಕರಕೋಶಗಳಿಗೆ ಸಮಯ ಕೊಡಿ.

ಹಲ್ಲಿನ ಬೇರನ್ನು ಮೂಳೆಗೆ ಕಟ್ಟಿಹಿಡಿಯುವ ತೆಳುವಾದ ನಾರುಪದರದಲ್ಲಿ ಸ್ಟೆಮ್ ಸೆಲ್, ಅಂದರೆ ಆಕರಕೋಶಗಳಿವೆ ಎಂದು ವಿಜ್ಞಾನಿಗಳು 2004ರಲ್ಲಿ ತೋರಿಸಿದರು. ಸವೆದ ನಾರನ್ನೂ ಮೂಳೆಯನ್ನೂ ಸರಿಪಡಿಸಲು ನೆರವಾಗುವವು ಇವೇ. ವಯಸ್ಸಾದಂತೆ ಇವು ನಿಧಾನವಾಗಿ ವೃದ್ಧಿಯಾಗುತ್ತವೆ, ಮೂಳೆ ಕಟ್ಟುವ ಶಕ್ತಿಯೂ ಕುಗ್ಗುತ್ತದೆ. ಆದರೆ ಉರಿಯೂತವೂ ಆ ಶಕ್ತಿಯನ್ನು ಕುಗ್ಗಿಸುತ್ತದೆ. ಮುದಿ ಮೇಸ್ತ್ರಿ ನಿಧಾನವಾಗಿಯಾದರೂ ಗೋಡೆ ಎಬ್ಬಿಸಿಯಾನು. ಮನೆಗೆ ಬೆಂಕಿ ಬಿದ್ದಿರುವಾಗ ಹರೆಯದವನೂ ಎಬ್ಬಿಸಲಾರ. ವಯಸ್ಸನ್ನು ಇಳಿಸಲಾಗದು, ಉರಿಯೂತವನ್ನು ಇಳಿಸಬಹುದು. ಇದನ್ನು ತಿಳಿಯದೆ, ಹಿರಿಯರಲ್ಲಿ ಚಿಕಿತ್ಸೆ ಫಲಿಸಲಿಲ್ಲ ಎಂದು ಅವಸರದಲ್ಲಿ ಕೈಬಿಟ್ಟದ್ದುಂಟು. ಈಗ ಕಾಯುತ್ತೇನೆ.

3. ಬಾಯಿಗೆ ಮುಂಚೆ ಮಾತ್ರೆ ಚೀಟಿ ನೋಡಿ.

ಶಿವಾಜಿನಗರದ ಹಿರಿಯರೊಬ್ಬರ ಒಸಡು ಎಷ್ಟು ಕ್ಲೀನ್ ಮಾಡಿದರೂ ಮತ್ತೆ ಊದಿಕೊಳ್ಳುತ್ತಿತ್ತು. ಅವರು ಸರಿಯಾಗಿ ಬ್ರಷ್ ಮಾಡುತ್ತಿಲ್ಲವೆಂದು ಗದರಿದೆ. ಅವರು ಬಿಪಿಗೆ ತೆಗೆದುಕೊಳ್ಳುತ್ತಿದ್ದುದು ಅಮ್ಲೊಡಿಪಿನ್. ಕೆಲವರಲ್ಲಿ ಅದು ಒಸಡನ್ನು ಬೆಳೆಸುತ್ತದೆ. ಅವರ ಫಿಜಿಷಿಯನ್ ಮಾತ್ರೆ ಬದಲಿಸಿದ ಮೇಲೆ ಊತ ಇಳಿಯಿತು. ಇಂಥ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು ಎಂದು ಎಲ್ಲರಿಗೂ ಹೇಳುತ್ತೇನೆ. ಸಕ್ಕರೆ ಕಾಯಿಲೆಯನ್ನೂ ಮರೆಯದೆ ಕೇಳುತ್ತೇನೆ. ಅದು ಹತೋಟಿಯಲ್ಲಿಲ್ಲದಿದ್ದರೆ ಒಸಡು ಬೇಗ ಹಾಳಾಗುತ್ತದೆ. ಒಸಡಿನ ರೋಗ ವಾಸಿಯಾದರೆ ಸಕ್ಕರೆಯೂ ತುಸು ಇಳಿಯುತ್ತದೆ.

4. ಇನ್ನೂ ಬಾರದ ಚಿಕಿತ್ಸೆಯ ಆಸೆ ಹುಟ್ಟಿಸಬೇಡಿ.

ಇಂದಿರಾನಗರದ ದಂಪತಿ, ಮಗುವಿನ ಹಾಲುಹಲ್ಲನ್ನು ಆಕರಕೋಶ ಬ್ಯಾಂಕಿನಲ್ಲಿಟ್ಟರೆ ಮುಂದೆ ಅಜ್ಜಿಯ ಒಸಡಿಗೂ ಆದೀತೇ ಎಂದು ಕೇಳಿದರು. ಓದಿದ ಉತ್ಸಾಹದಲ್ಲಿ "ಆಗಬಹುದು" ಎಂದುಬಿಟ್ಟೆ. ಹಾಗೆ ಹೇಳಬಾರದಿತ್ತು. ಐಸಿಎಂಆರ್‌ನ 2017ರ ಮಾರ್ಗಸೂಚಿ ಹಲ್ಲಿನ ಕೋಶಗಳ ವಾಣಿಜ್ಯ ಬ್ಯಾಂಕಿಂಗ್‌ಗೆ ಒಪ್ಪಿಗೆ ಕೊಟ್ಟಿಲ್ಲ. ಅದರ ಪ್ರಕಾರ, ಒಸಡಿಗೆ ಆಕರಕೋಶ ಹಾಕುವುದು ಅನುಮೋದಿತ ಪ್ರಯೋಗದೊಳಗಷ್ಟೇ ಸಲ್ಲುತ್ತದೆ. ಅಜ್ಜಿಗೆ ಆ ದಿನ ಬೇಕಾಗಿದ್ದುದು ಆಳವಾದ ಕ್ಲೀನಿಂಗ್.

5. ಚಿಕಿತ್ಸೆ ಮುಗಿದ ಮೇಲೂ ಕರೆಯುತ್ತಿರಿ.

"ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ" ಎಂಬ ಭಯ ನಮ್ಮ ಕಡೆ ಬಹಳ. ಮೂಳೆ ಮೊದಲೇ ಕರಗಿರುತ್ತದೆ, ಕಿಟ್ಟ ಅದನ್ನು ಮುಚ್ಚಿಟ್ಟಿರುತ್ತದೆ. ಇದನ್ನು ಎಕ್ಸ್‌ರೇ ತೋರಿಸಿ ವಿವರಿಸದೆ ಹೋದಾಗ ಎಷ್ಟೋ ಮಂದಿ ತಿರುಗಿ ಬರಲಿಲ್ಲ. ಸ್ವೀಡನ್ನಿನ ಕಾರ್ಲ್‌ಸ್ಟಾಡ್‌ನಲ್ಲಿ 1970ರ ದಶಕದ ಆರಂಭದಿಂದ 30 ವರ್ಷ ನಡೆದ ಅಧ್ಯಯನವೊಂದಿದೆ. ನಿಯಮಿತವಾಗಿ ಕ್ಲೀನಿಂಗ್ ಮಾಡಿಸಿಕೊಂಡು, ಮನೆಯಲ್ಲೂ ಬಾಯಿ ಶುಚಿಯಾಗಿಟ್ಟವರಲ್ಲಿ ಹಿರಿಯರ ಗುಂಪು ಕೂಡ ಅಷ್ಟು ಕಾಲದಲ್ಲಿ ಕಳೆದುಕೊಂಡದ್ದು ಸರಾಸರಿ 2ಕ್ಕಿಂತ ಕಡಿಮೆ ಹಲ್ಲು. ಕೈ ನಡುಗುವ ಅಜ್ಜಿಗೆ ದಪ್ಪ ಹಿಡಿಯ ಬ್ರಷ್ ಕೊಡಿಸಿ, ಹಲ್ಲಿನ ಸಂದು ತಿಕ್ಕುವ ಪುಟ್ಟ ಬ್ರಷ್ ಬಳಸುವುದನ್ನು ಮಗಳಿಗೋ ಸೊಸೆಗೋ ಕಲಿಸಿಕೊಡುತ್ತೇನೆ. ಒಸಡಿನಲ್ಲಿ ರಕ್ತ ಕಂಡರೆ, ವಯಸ್ಸು ನಲವತ್ತಾಗಲಿ ಎಂಬತ್ತಾಗಲಿ, ಒಮ್ಮೆ ಅಳೆಸಿ ನೋಡಿ. ಕೀಳುವ ಮಾತು ಆಮೇಲೆ.