ತಂತ್ರಾಂಶ ಪರವಾನಗಿ ಪರಿಶೋಧನೆ: ಗ್ರಾಮ ಪಂಚಾಯತಿಯ ಪೂರ್ವಸಿದ್ಧತೆ

(ಚುನಾಯಿತ ಸದಸ್ಯರ ಅಧ್ಯಯನಕ್ಕಾಗಿ)

1. ವಿಷಯ ಪ್ರವೇಶ

ಗ್ರಾಮ ಪಂಚಾಯತಿಯ ದಾಸ್ತಾನು ವಹಿಯಲ್ಲಿ ಮೇಜು, ಕುರ್ಚಿ, ಬೀರು, ಪಂಪುಸೆಟ್ಟುಗಳಿಗೆ ಒಂದೊಂದು ಸಾಲು ಇರುತ್ತದೆ. ಗಣಕಯಂತ್ರಕ್ಕೂ ಇರುತ್ತದೆ. ಆದರೆ ಆ ಯಂತ್ರವನ್ನು ನಡೆಸುವ ತಂತ್ರಾಂಶಕ್ಕೆ ಪ್ರತ್ಯೇಕ ಸಾಲು ಇರುವುದು ವಿರಳ. ಅದು ಕಣ್ಣಿಗೆ ಕಾಣದ ಸ್ವತ್ತಾದುದರಿಂದ ಸುಲಭವಾಗಿ ಲೆಕ್ಕದಿಂದ ಜಾರಿಹೋಗುತ್ತದೆ. ಪರಿಶೋಧನೆಯ ದಿನ "ಇದರ ಪರವಾನಗಿ ಎಲ್ಲಿ?" ಎಂಬ ಪ್ರಶ್ನೆ ಬಂದಾಗ ಎಲ್ಲರ ದೃಷ್ಟಿಯೂ ಗಣಕಯಂತ್ರದ ಮುಂದೆ ಕುಳಿತ ಸಿಬ್ಬಂದಿಯತ್ತ ತಿರುಗುತ್ತದೆ. ಖರೀದಿಗೆ ಮಂಜೂರಾತಿ ನೀಡಿದ್ದು ಸಭೆ; ಉತ್ತರಿಸಬೇಕಾದುದೂ ಸಭೆಯೇ. ಆದುದರಿಂದ ಈ ವಿಷಯವನ್ನು ಸದಸ್ಯರು ಅರಿತಿರುವುದು ಅವಶ್ಯ.

2. ಪರವಾನಗಿಯ ಸ್ವರೂಪ

ತಂತ್ರಾಂಶಕ್ಕೆ ಹಣ ತೆತ್ತಾಗ ಸಾಮಾನ್ಯವಾಗಿ ನಮಗೆ ದೊರೆಯುವುದು ಒಡೆತನವಲ್ಲ, ಷರತ್ತಿಗೊಳಪಟ್ಟ ಬಳಕೆಯ ಹಕ್ಕು. ಪಂಚಾಯತಿಯ ವಾಣಿಜ್ಯ ಮಳಿಗೆಯನ್ನು ಬಾಡಿಗೆಗೆ ಪಡೆದವರು ಕರಾರಿನಲ್ಲಿರುವಷ್ಟು ಕಾಲ, ಕರಾರಿನಲ್ಲಿರುವ ರೀತಿಯಲ್ಲಿ ಮಾತ್ರ ಅದನ್ನು ಬಳಸಬಹುದಷ್ಟೆ. ತಂತ್ರಾಂಶದ ಪರವಾನಗಿಯೂ ಹಾಗೆಯೇ. ಇದರಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳಿವೆ.

(ಅ) ಯಂತ್ರದೊಂದಿಗೆ ಬಂದ ಪರವಾನಗಿ: ಆ ಒಂದು ಯಂತ್ರಕ್ಕೆ ಮಾತ್ರ ಅನ್ವಯ. ಯಂತ್ರ ನಿರುಪಯುಕ್ತವಾದರೆ ಸಾಮಾನ್ಯವಾಗಿ ಬೇರೊಂದಕ್ಕೆ ವರ್ಗಾಯಿಸಲಾಗದು.
(ಆ) ಪ್ರತ್ಯೇಕವಾಗಿ ಕೊಂಡ ಪರವಾನಗಿ: ನಿಗದಿತ ಸಂಖ್ಯೆಯ ಯಂತ್ರಗಳಿಗೆ ಅನ್ವಯ.
(ಇ) ಅವಧಿ ಚಂದಾ: ವೈರಾಣು ನಿರೋಧಕ ತಂತ್ರಾಂಶಗಳು ಹೆಚ್ಚಾಗಿ ಈ ಬಗೆಯವು. ಅವಧಿ ಮುಗಿದೊಡನೆ ಹಕ್ಕೂ ಮುಗಿಯುತ್ತದೆ.
(ಈ) ಮುಕ್ತ ತಂತ್ರಾಂಶ: ಲಿಬ್ರೆ ಆಫೀಸ್‌ನಂತಹವನ್ನು ಎಷ್ಟು ಯಂತ್ರಗಳಲ್ಲಾದರೂ ಶುಲ್ಕವಿಲ್ಲದೆ ಬಳಸಬಹುದು.

"ಉಚಿತ" ಎಂಬ ಪದದ ಬಗ್ಗೆ ಎಚ್ಚರ ಅಗತ್ಯ. ದೂರದಿಂದ ಯಂತ್ರ ದುರಸ್ತಿ ಮಾಡಲು ಬಳಸುವ ಎನಿಡೆಸ್ಕ್, ಟೀಮ್‌ವ್ಯೂವರ್‌ಗಳ ಉಚಿತ ಆವೃತ್ತಿ ಖಾಸಗಿ ಬಳಕೆಗೆ ಮಾತ್ರ. ಮನೆಯಲ್ಲಿ ಸರಿಯಾದುದು ಕಚೇರಿಯಲ್ಲಿ ಉಲ್ಲಂಘನೆಯಾಗಬಹುದು.

3. ಕಾನೂನಿನ ಸ್ಥಿತಿ

1957ರ ಕೃತಿಸ್ವಾಮ್ಯ ಅಧಿನಿಯಮವು ಗಣಕಯಂತ್ರದ ತಂತ್ರಾಂಶವನ್ನು ಸಾಹಿತ್ಯ ಕೃತಿಯ ವ್ಯಾಪ್ತಿಯಲ್ಲಿ ಸೇರಿಸಿದೆ. 1994ರ ತಿದ್ದುಪಡಿಯಿಂದ ಸೇರಿದ 63-ಬಿ ಪ್ರಕರಣದಂತೆ, ತಿಳಿದೂ ತಿಳಿದು ಅನಧಿಕೃತ ಪ್ರತಿಯನ್ನು ಗಣಕಯಂತ್ರದಲ್ಲಿ ಬಳಸುವುದು ಅಪರಾಧ. ಇದಕ್ಕೆ 7 ದಿನಗಳಿಗೆ ಕಡಿಮೆಯಿಲ್ಲದ, 3 ವರ್ಷಗಳವರೆಗಿನ ಕಾರಾವಾಸ ಹಾಗೂ 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗಿನ ದಂಡವಿದೆ. ಬಳಕೆಯು ಲಾಭಕ್ಕಾಗಿ ಅಥವಾ ವ್ಯಾಪಾರ ವ್ಯವಹಾರದಲ್ಲಿ ಆಗಿಲ್ಲದಿದ್ದರೆ, ನ್ಯಾಯಾಲಯವು ಕಾರಣ ದಾಖಲಿಸಿ ಕಾರಾವಾಸವನ್ನು ಬಿಟ್ಟು, 50,000 ರೂಪಾಯಿಗಳವರೆಗಿನ ದಂಡವನ್ನಷ್ಟೇ ವಿಧಿಸಬಹುದು.

ಇಲ್ಲಿ "ತಿಳಿದೂ ತಿಳಿದು" ಎಂಬ ಮಾತು ಮುಖ್ಯ. ಕೊರತೆ ಬೆಳಕಿಗೆ ಬಂದ ಬಳಿಕ ಅರಿವಿರಲಿಲ್ಲ ಎಂಬ ಸಮಾಧಾನಕ್ಕೆ ಅವಕಾಶವಿಲ್ಲ. ಆದುದರಿಂದ ಪಟ್ಟಿ ಮಾಡುವುದು ಮತ್ತು ಸರಿಪಡಿಸುವುದು ಒಂದೇ ಕೆಲಸದ ಎರಡು ಭಾಗಗಳು.

ಕಾನೂನಿಗಿಂತಲೂ ಹತ್ತಿರದ ಅಪಾಯ ಇನ್ನೊಂದಿದೆ. ಬೀಗ ಮುರಿದ, ರೂಢಿಯಲ್ಲಿ "ಕ್ರ್ಯಾಕ್" ಎನ್ನುವ ಪ್ರತಿಗಳನ್ನು ಅಳವಡಿಸುವಾಗ ವೈರಾಣು ನಿರೋಧಕವನ್ನು ನಿಲ್ಲಿಸಲು ಹೇಳುವುದುಂಟು. ಅದೇ ಯಂತ್ರದಲ್ಲಿ ಇ-ಸ್ವತ್ತು, ಪಂಚತಂತ್ರಗಳ ಪ್ರವೇಶ ಪದ ಬಳಕೆಯಾಗುತ್ತದೆ. ಡಿಜಿಟಲ್ ಸಹಿಯ ಸಾಧನವನ್ನೂ ಅಲ್ಲಿಯೇ ಜೋಡಿಸಲಾಗುತ್ತದೆ. ಉಳಿಸಿದ ಕೆಲವು ಸಾವಿರ ರೂಪಾಯಿಗಳಿಗೆ ಪ್ರತಿಯಾಗಿ ಗ್ರಾಮಸ್ಥರ ಆಸ್ತಿ ದಾಖಲೆಯ ಭದ್ರತೆಯನ್ನು ಪಣಕ್ಕಿಟ್ಟಂತಾಗುತ್ತದೆ.

4. ಮೂರು ಪಟ್ಟಿಗಳ ತಾಳೆ

ಪರಿಶೋಧನೆಯ ಸಿದ್ಧತೆಯೆಂದರೆ ಮೂರು ಪಟ್ಟಿಗಳನ್ನು ಒಂದಕ್ಕೊಂದು ತಾಳೆ ನೋಡುವುದು.

ಮೊದಲನೆಯದು, ಇರುವುದರ ಪಟ್ಟಿ: ಪ್ರತಿ ಯಂತ್ರದ ಕ್ರಮಸಂಖ್ಯೆ, ಅದು ಇರುವ ಸ್ಥಳ, ಅದರಲ್ಲಿ ಅಳವಡಿಸಿರುವ ಪ್ರತಿಯೊಂದು ತಂತ್ರಾಂಶ ಮತ್ತು ಅದರ ಆವೃತ್ತಿ. ಗ್ರಂಥಾಲಯದ ಯಂತ್ರ ಹಾಗೂ ಮೂಲೆಯಲ್ಲಿರಿಸಿದ ಹಳೆಯ ಯಂತ್ರವನ್ನೂ ಬಿಡಬಾರದು.
ಎರಡನೆಯದು, ಹಕ್ಕಿನ ಪಟ್ಟಿ: ಯಾವ ಪರವಾನಗಿ, ಎಷ್ಟು ಯಂತ್ರಗಳಿಗೆ, ಯಾವ ದಿನಾಂಕದವರೆಗೆ.
ಮೂರನೆಯದು, ಆಧಾರದ ಪಟ್ಟಿ: ಖರೀದಿ ಆದೇಶ, ಸರಕುಪಟ್ಟಿ, ಪಾವತಿ ಚೀಟಿ, ಪರವಾನಗಿ ಪತ್ರ. ಸರಕುಪಟ್ಟಿ ಪಂಚಾಯತಿಯ ಹೆಸರಿನಲ್ಲಿರಬೇಕು. ಯಂತ್ರದ ಮೇಲಿನ ಚೀಟಿಯೊಂದೇ ಪೂರ್ಣ ಆಧಾರವಲ್ಲ.

ಇಲಾಖೆ ಒದಗಿಸುವ ಪಂಚತಂತ್ರ, ಇ-ಸ್ವತ್ತು, ಇ-ಗ್ರಾಮಸ್ವರಾಜ್ ಅಂತರ್ಜಾಲದ ಮೂಲಕ ನಡೆಯುವುದರಿಂದ ಅವುಗಳಿಗೆ ಪಂಚಾಯತಿ ಪರವಾನಗಿ ಕೊಳ್ಳಬೇಕಾಗಿಲ್ಲ. ಅವುಗಳನ್ನು ತೆರೆಯುವ ಯಂತ್ರದಲ್ಲಿನ ಕಾರ್ಯಾಚರಣ ವ್ಯವಸ್ಥೆ, ಪತ್ರ ಬೆರಳಚ್ಚಿನ ತಂತ್ರಾಂಶ, ವೈರಾಣು ನಿರೋಧಕಗಳ ಹೊಣೆ ಪಂಚಾಯತಿಯದು. ಕನ್ನಡ ಬೆರಳಚ್ಚಿಗೆ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಇದಕ್ಕಾಗಿ ಅನಧಿಕೃತ ಪ್ರತಿಗಳ ಮೊರೆ ಹೋಗಬೇಕಾಗಿಲ್ಲ.

5. ಒಂದು ಉದಾಹರಣೆ

ಒಂದು ಪಂಚಾಯತಿಯಲ್ಲಿ 4 ಗಣಕಯಂತ್ರಗಳಿವೆ ಎಂದು ಭಾವಿಸೋಣ. ನಾಲ್ಕರಲ್ಲೂ ಹಣ ತೆತ್ತು ಪಡೆಯಬೇಕಾದ ಕಚೇರಿ ತಂತ್ರಾಂಶವಿದೆ. 2ಕ್ಕೆ ಪರವಾನಗಿಯೂ ಸರಕುಪಟ್ಟಿಯೂ ಇವೆ. 1ಕ್ಕೆ ಪರವಾನಗಿ ಇದೆ, ಸರಕುಪಟ್ಟಿ ಸಿಗುತ್ತಿಲ್ಲ. ಇನ್ನೊಂದನ್ನು ದುರಸ್ತಿಗೆ ಬಂದವರು ಯಾವುದೋ ಪೆನ್‌ಡ್ರೈವ್‌ನಿಂದ ಹಾಕಿಹೋಗಿದ್ದಾರೆ.

ಮೂರನೆಯದಕ್ಕೆ ಮಾರಾಟಗಾರರಿಂದ ಸರಕುಪಟ್ಟಿಯ ದೃಢೀಕೃತ ನಕಲು ಪಡೆಯಬೇಕು. ನಾಲ್ಕನೆಯ ಯಂತ್ರದಲ್ಲಿ ಪತ್ರ ಬರೆಯುವ ಕೆಲಸವಷ್ಟೇ ನಡೆಯುವುದಾದರೆ, ಕಡತಗಳ ನಕಲು ಉಳಿಸಿಕೊಂಡು, ಅನಧಿಕೃತ ಪ್ರತಿಯನ್ನು ತೆಗೆದು ಲಿಬ್ರೆ ಆಫೀಸ್ ಅಳವಡಿಸಬಹುದು. ಹೊಸ ಪರವಾನಗಿ ಅನಿವಾರ್ಯವಾದರೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮಕ್ಕೆ ಅನುಗುಣವಾಗಿ, ಸಭೆಯ ಮಂಜೂರಾತಿಯೊಂದಿಗೆ ಕೊಳ್ಳಬೇಕು. ಹೀಗೆ ನಾಲ್ಕು ಪರವಾನಗಿಗಳ ವೆಚ್ಚವೆಂದು ತೋರಿದ್ದು ಒಂದು ಪತ್ರವ್ಯವಹಾರ ಮತ್ತು ಒಂದು ಬದಲಾವಣೆಯಲ್ಲಿ ಮುಗಿಯಬಹುದು.

ಪರವಾನಗಿ ಸರಿಯಿದ್ದ ಮಾತ್ರಕ್ಕೆ ಸುರಕ್ಷತೆ ಸರಿಯಿದೆ ಎಂದಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ಅದರ ಪರವಾನಗಿ ರದ್ದಾಗಿಲ್ಲವಾದರೂ ಮುಂದಿನ ವ್ಯವಸ್ಥೆಯನ್ನು ಯೋಜಿಸಬೇಕು. ಪಟ್ಟಿಯಲ್ಲಿ ಇದಕ್ಕೂ ಒಂದು ಕಲಂ ಇರಲಿ.

6. ಪರಿಶೋಧನೆಯ ಸಂದರ್ಭದಲ್ಲಿ

(ಅ) ಸೂಚನೆ ಬಂದ ಮೇಲೆ ಆತುರದಿಂದ ಅಳಿಸುವುದು, ಹಿಂದಿನ ದಿನಾಂಕದ ಬಿಲ್ಲು ಪಡೆಯುವುದು ಸಲ್ಲದು. ಕೊರತೆಯನ್ನು ಮುಚ್ಚಲು ಸೃಷ್ಟಿಸಿದ ದಾಖಲೆ, ಕೊರತೆಗಿಂತ ದೊಡ್ಡ ಅಪರಾಧ.
(ಆ) ಕೊರತೆಯಿದ್ದಲ್ಲಿ ಅದನ್ನೂ, ಸರಿಪಡಿಸಲು ಕೈಗೊಂಡ ಕ್ರಮವನ್ನೂ ನಡಾವಳಿಯಲ್ಲಿ ದಾಖಲಿಸಬೇಕು.
(ಇ) ಉತ್ತರಿಸುವ ಹೊಣೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರದು. ಕೇಳಿದ ಮಾಹಿತಿಯನ್ನು ಲಿಖಿತವಾಗಿ ನೀಡಿ, ಪ್ರತಿಯನ್ನು ಕಡತದಲ್ಲಿರಿಸಬೇಕು.
(ಈ) ತಂತ್ರಾಂಶ ಕಂಪನಿಯವರೆಂದು ಹೇಳಿಕೊಂಡು ಬರುವ ಅಪರಿಚಿತರಿಗೆ ಯಂತ್ರ ಮುಟ್ಟಲು ಬಿಡಬಾರದು. ಸ್ಥಳದಲ್ಲೇ ಹಣ ಕೇಳಿದರೆ ಕೊಡಬಾರದು. ಕಂಪನಿಯ ಪರಿಶೀಲನೆಯ ಹಕ್ಕು ಸಾಮಾನ್ಯವಾಗಿ ಪರವಾನಗಿ ಕರಾರಿನಿಂದ ಹುಟ್ಟುತ್ತದೆ. ಲಿಖಿತ ಪತ್ರ ಕೇಳಿ, ತಾಲ್ಲೂಕು ಪಂಚಾಯತಿಯ ಗಮನಕ್ಕೆ ತರಬೇಕು.

7. ಉಪಸಂಹಾರ

ದಾಸ್ತಾನು ವಹಿಯಲ್ಲಿ ತಂತ್ರಾಂಶಕ್ಕೊಂದು ಪುಟ ತೆರೆದು, ವರ್ಷಕ್ಕೆ ಎರಡು ಬಾರಿ ತಾಳೆ ನೋಡಿ, ಸಭೆಯ ಮುಂದಿರಿಸಿದರೆ ಪರಿಶೋಧನೆಯ ಬಹುಪಾಲು ಸಿದ್ಧತೆ ಮುಗಿದಂತೆ. ಸಭೆ ಕೇಳದಿದ್ದ ಪ್ರಶ್ನೆಗೆ ಸಿಬ್ಬಂದಿಯೊಬ್ಬರನ್ನೇ ಹೊಣೆಯಾಗಿಸುವುದು ನ್ಯಾಯವಲ್ಲ. ಆ ಪ್ರಶ್ನೆಯನ್ನು ಮೊದಲು ಕೇಳಬೇಕಾದವರು ಸದಸ್ಯರು.

ಮುಂದಿನ ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಕಚೇರಿಯಲ್ಲಿ ಎಷ್ಟು ಗಣಕಯಂತ್ರಗಳಿವೆ? ಪ್ರತಿಯೊಂದರಲ್ಲಿ ಯಾವ ತಂತ್ರಾಂಶಗಳಿವೆ?
2. ಅವುಗಳ ಸರಕುಪಟ್ಟಿಗಳು ಪಂಚಾಯತಿಯ ಹೆಸರಿನಲ್ಲಿ ಇವೆಯೇ? ಯಾವ ಕಡತದಲ್ಲಿವೆ?
3. ಈ ವರ್ಷ ಅವಧಿ ಮುಗಿಯುವ ಪರವಾನಗಿಗಳು ಯಾವುವು?
4. ಮುಕ್ತ ತಂತ್ರಾಂಶದಿಂದ ನಡೆಸಬಹುದಾದ ಕೆಲಸಗಳು ಯಾವುವು?
5. ಹೊಸ ತಂತ್ರಾಂಶ ಅಳವಡಿಸಲು ಯಾರ ಲಿಖಿತ ಅನುಮತಿ ಬೇಕೆಂದು ಸಭೆ ನಿರ್ಣಯಿಸಿದೆಯೇ?