ಕಿಡಿಯಂತ್ರಕ್ಕೆ ಯಾವ ಸ್ವಿಚ್ಚು?

ನಾಸಿಕದ ಸಾತಪೂರ, ಅಂಬಡಗಳಲ್ಲಿಯೂ, ಛತ್ರಪತಿ ಸಂಭಾಜಿನಗರದ ವಾಳೂಜದಲ್ಲಿಯೂ ದುಡಿಯುವ ನಮ್ಮ ಬಂಧುಗಳಲ್ಲಿ ಯಂತ್ರಗಳ ಗೊಡವೆಗೆ ಹೋಗದವರು ಕಡಿಮೆ. ವಾಚನಾಲಯಕ್ಕೆ ಬರುವ ತರುಣರಲ್ಲಿ ಕೆಲವರಿಗೆ ಈಗ ಕಿಡಿಯಂತ್ರದ ಹುಚ್ಚು ಹಿಡಿದಿದೆ. ಹಳೆಯ ಬೈಕಿನ ಇಗ್ನಿಷನ್ ಕಾಯಿಲು ತಂದು, ಬ್ಯಾಟರಿಗೆ ಜೋಡಿಸಿ, ಸಾವಿರಾರು ವೋಲ್ಟಿನ ಕಿಡಿ ಹಾರಿಸುವುದು ಅವರ ಆಸೆ. ಊರಿನ ಹೊಲಕ್ಕೆ ಹಂದಿಯ ಕಾಟ. ಇದನ್ನೇ ಬೇಲಿಗೆ ಕಟ್ಟಿದರೆ ಹೇಗೆ ಎಂದು ಒಬ್ಬರು ಕೇಳಿದರು. ಆ ಪ್ರಶ್ನೆಗೆ ಉತ್ತರವನ್ನು ಕೊನೆಯಲ್ಲಿ ಹೇಳುವೆವು. ಅದಕ್ಕೆ ಮೊದಲು ಯಂತ್ರದ ಸ್ವಿಚ್ಚಿನ ವಿಚಾರ ಮಾಡೋಣ.

ಕಳೆದ ತಿಂಗಳು ನಮ್ಮ ಮೇಜಿನ ಮೇಲೆಯೇ ಒಂದು ತಪ್ಪು ನಡೆಯಿತು. 12 ವೋಲ್ಟಿನ ಬ್ಯಾಟರಿ, ಕಾಯಿಲು, ಅವೆರಡರ ನಡುವೆ ಒಂದು ಎಸ್.ಸಿ.ಆರ್. ಇಟ್ಟು ಸ್ವಿಚ್ಚು ಕೊಟ್ಟೆವು. ಕಿಡಿ ಬರಲಿಲ್ಲ. ಕಾಯಿಲು ಮಾತ್ರ ಕಾದು ವಾಸನೆ ಹೊಡೆಯಿತು. ಸಾಮಾನು ಕೆಟ್ಟಿರಲಿಲ್ಲ, ನಾವು ಆರಿಸಿದ್ದು ಆ ಕೆಲಸಕ್ಕೆ ಹೊಂದದ ಸ್ವಿಚ್ಚು.

ಕಿಡಿ ಹುಟ್ಟಿಸುವ ದಾರಿಗಳು ಎರಡು. ಮೊದಲನೆಯದರಲ್ಲಿ ಕಾಯಿಲಿನ ಒಳಸುತ್ತಿನಲ್ಲಿ ಕರೆಂಟು ಹರಿಯಲು ಬಿಟ್ಟು, ಅದನ್ನು ಥಟ್ಟನೆ ಕಡಿಯಬೇಕು. ಕಡಿದ ಕ್ಷಣದಲ್ಲಿ ಹೊರಸುತ್ತಿನಲ್ಲಿ ಕಿಡಿ ಹುಟ್ಟುತ್ತದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಇದೇ ದಾರಿಯನ್ನು ಕ್ಯಾಡಿಲಾಕ್ ಕಾರಿಗೆ ಅಳವಡಿಸಿದನು. ಎರಡನೆಯದರಲ್ಲಿ ಒಂದು ಕಂಡೆನ್ಸರಿನಲ್ಲಿ 300 ವೋಲ್ಟಿನಷ್ಟು ತುಂಬಿಟ್ಟು, ಒಮ್ಮೆಲೇ ಕಾಯಿಲಿಗೆ ಸುರಿಯಬೇಕು. ಬೈಕು ರಿಪೇರಿಯವರು ಸಿ.ಡಿ.ಐ. ಎನ್ನುವ ಡಬ್ಬಿಯೊಳಗೆ ನಡೆಯುವುದು ಇದೇ. 1985ರಲ್ಲಿ ಬಜಾಜ್ ಕಾರಖಾನೆ ವಾಳೂಜಕ್ಕೆ ಬಂದಂದಿನಿಂದ ಬೈಕು ನಮ್ಮವರಲ್ಲಿ ಎಷ್ಟೋ ಜನರ ಅನ್ನದ ಮಾತಾಗಿದೆ. ಅದರ ಪ್ಲಗ್ಗಿನ ಹಿಂದಿರುವ ಗುಟ್ಟು ಇಷ್ಟೇ.

ಹೀಗಾಗಿ ಮೊದಲ ದಾರಿಗೆ ಕಡಿಯಬಲ್ಲ ಸ್ವಿಚ್ಚು ಬೇಕು, ಎರಡನೆಯದಕ್ಕೆ ಕೂಡಿಸಬಲ್ಲ ಸ್ವಿಚ್ಚು ಸಾಕು. ಸಾಮಾನಿನ ಅಂಗಡಿಗೆ ಹೋಗುವ ಮೊದಲು ಇಷ್ಟನ್ನು ತಿಳಿದುಕೊಂಡರೆ ಅರ್ಧ ಖರ್ಚು ಉಳಿಯಿತು.

ಎಸ್.ಸಿ.ಆರ್. 1957ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಹುಟ್ಟಿದ ವಸ್ತು. ಅದು ಕೆರೆಯ ತೂಬಿನ ಹಾಗೆ. ಒಮ್ಮೆ ಎತ್ತಿದರೆ ನೀರು ಬರಿದಾಗುವ ತನಕ ಅದು ಮುಚ್ಚಲಾರದು. ಬ್ಯಾಟರಿ ಎಂಬುದು ಬರಿದಾಗದ ಕೆರೆ. ಆದುದರಿಂದಲೇ ನಮ್ಮ ಕಾಯಿಲು ಸುಡಲು ಹತ್ತಿತು. ಕಂಡೆನ್ಸರಾದರೋ ಕ್ಷಣದಲ್ಲಿ ಬರಿದಾಗುತ್ತದೆ, ಎಸ್.ಸಿ.ಆರ್. ತಾನಾಗಿ ಮುಚ್ಚಿಕೊಳ್ಳುತ್ತದೆ. ಇಲ್ಲಿ ಒಂದು ಎಚ್ಚರ ಬೇಕು: ಕಂಡೆನ್ಸರನ್ನು ತುಂಬುವ ಭಾಗ ಎಡೆಬಿಡದೆ ಹೆಚ್ಚು ಕರೆಂಟು ಕೊಡುತ್ತಿದ್ದರೆ ಎಸ್.ಸಿ.ಆರ್. ಮುಚ್ಚದೆ ನಿಂತುಬಿಡುವುದು.

ಎಸ್.ಸಿ.ಆರ್. ಆರಿಸುವಾಗ ತುಂಬುವ ವೋಲ್ಟಿನ ಎರಡರಷ್ಟನ್ನು ತಾಳುವಂಥದನ್ನು ತರಬೇಕು. 300 ವೋಲ್ಟಿಗೆ 600 ವೋಲ್ಟಿನ ಟಿ.ವೈ.ಎನ್. 612 ಸಾಕು, ಇನ್ನೂ ಧೈರ್ಯ ಬೇಕಾದರೆ 800 ವೋಲ್ಟಿನ ಬಿ.ಟಿ. 151 ಇದೆ. ಇವೆರಡೂ 12 ಆಂಪಿಯರಿನವು. ಕಂಡೆನ್ಸರಿನ ಹರಿವು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಏರುವುದರಿಂದ, ಅದು ಕ್ಷಣಮಾತ್ರ ಎಷ್ಟು ಆಂಪಿಯರ್ ತಾಳಬಲ್ಲುದು, ಎಷ್ಟು ವೇಗದ ಏರಿಕೆಯನ್ನು ತಾಳಬಲ್ಲುದು ಎಂಬ ಎರಡು ಅಂಕಿಗಳನ್ನೂ ಕೈಪಿಡಿಯಲ್ಲಿ ನೋಡಬೇಕು. ಹರಿವು ಹಿಂದಕ್ಕೆ ತಿರುಗಿದಾಗ ದಾರಿ ಸಿಗಲೆಂದು ಎಸ್.ಸಿ.ಆರ್.ಗೆ ಅಡ್ಡಲಾಗಿ ಒಂದು ಡಯೋಡನ್ನು ತಿರುಗಿಸಿ ಹಾಕುವುದು ರೂಢಿ.

ಕಡಿಯುವ ಕೆಲಸಕ್ಕೆ ಹಿಂದೆ ಇದ್ದದ್ದು ಪಾಯಿಂಟು. ಹಳೆಯ ಸ್ಕೂಟರ್ ಇಟ್ಟವರಿಗೆ ಅದನ್ನು ಉಜ್ಜಿದ ನೆನಪು ಇದ್ದೇ ಇರುತ್ತದೆ. ರಿಲೇಯ ಪಾಯಿಂಟುಗಳೂ ಹಾಗೆಯೇ ಸುಟ್ಟು ಅಂಟಿಕೊಳ್ಳುವವು. ಮಾಸ್‌ಫೆಟ್ ಹಾಕೋಣವೆಂದರೆ ಪೇಟೆಯಲ್ಲಿ ಸಿಗುವ ಐ.ಆರ್.ಎಫ್. 840 ತಾಳುವುದು 500 ವೋಲ್ಟು. ಕರೆಂಟು ಕಡಿದಾಗ ಒಳಸುತ್ತಿನಲ್ಲಿಯೇ 300ರಿಂದ 400 ವೋಲ್ಟು ಚಿಮ್ಮುವುದರಿಂದ ಅಂತರ ಕಡಿಮೆ. ಮೇಲಾಗಿ ಅದರ ಒಳತಡೆ 0.85 ಓಮ್. 4 ಆಂಪಿಯರ್ ಹರಿದರೆ 12 ವೋಲ್ಟಿನಲ್ಲಿ 3.4 ವೋಲ್ಟು ಅಲ್ಲಿಯೇ ಕಾವಾಗಿ ಹೋಯಿತು.

ಈ ತೊಡಕನ್ನು ನೀಗಿದ್ದು ಐ.ಜಿ.ಬಿ.ಟಿ. ಇದನ್ನು 1980ರ ದಶಕದ ಮೊದಲಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ರೂಪಿಸಿದವರು ಬಿ. ಜಯಂತ ಬಾಳಿಗಾ. ಅವರು ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದವರು. ಈ ಕೆಲಸಕ್ಕಾಗಿ ಅವರಿಗೆ 2024ರಲ್ಲಿ ಫಿನ್ಲೆಂಡಿನ ಮಿಲೆನಿಯಮ್ ತಂತ್ರಜ್ಞಾನ ಪ್ರಶಸ್ತಿ ಬಂದಿತು. ಕಾರಿನ ಇಗ್ನಿಷನ್ನಿಗೆಂದೇ ಮಾಡಿದ ಐ.ಜಿ.ಬಿ.ಟಿ.ಗಳಲ್ಲಿ 400 ವೋಲ್ಟಿನ ಸುಮಾರಿಗೆ ಚಿಮ್ಮುವಿಕೆಯನ್ನು ತಡೆಯುವ ಏರ್ಪಾಡು ಒಳಗೇ ಇರುತ್ತದೆ. ಕಡಿಯುವ ದಾರಿ ಹಿಡಿದವರು ಇದನ್ನೇ ತರುವುದು ಲೇಸು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಸ್ವಿಚ್ಚು ಕೆಟ್ಟರೆ ಏನಾಗುವುದು? ಇವು ಕೆಡುವಾಗ ಹೆಚ್ಚಾಗಿ ಒಳಗೆ ಕೂಡಿಕೊಂಡು ಕೆಡುತ್ತವೆ. ಐ.ಜಿ.ಬಿ.ಟಿ. ಹಾಗೆ ಕೆಟ್ಟರೆ 3 ಓಮಿನ ಕಾಯಿಲಿನಲ್ಲಿ 4 ಆಂಪಿಯರ್ ನಿಲ್ಲದೆ ಹರಿದು 48 ವಾಟಿನ ಒಲೆಯಾಗುವುದು. 2 ಆಂಪಿಯರಿನ ಫ್ಯೂಸು ಕಾಪಾಡುತ್ತದೆ. ಎಸ್.ಸಿ.ಆರ್. ಕೂಡಿಕೊಂಡು ಕೆಟ್ಟರೆ ಕಂಡೆನ್ಸರು ತುಂಬುವುದೇ ಇಲ್ಲ, ಯಂತ್ರ ಸುಮ್ಮನಾಗುತ್ತದೆ. ಆದರೆ ಅದು ಕಡಿದುಕೊಂಡು ಕೆಟ್ಟಿದ್ದರೆ ಯಂತ್ರ ಸುಮ್ಮನಿದ್ದರೂ ಒಳಗೆ 300 ವೋಲ್ಟು ಕಾದು ಕುಳಿತಿರುತ್ತದೆ. ಅದಕ್ಕಾಗಿ ಕಂಡೆನ್ಸರಿಗೆ ಅಡ್ಡಲಾಗಿ ಒಂದು ಮೆಗ್‌ಓಮಿನ ರೆಸಿಸ್ಟರನ್ನು ಖಾಯಮಾಗಿ ಬೆಸೆಯಬೇಕು. 1 ಮೈಕ್ರೋಫ್ಯಾರಡ್ ಇದ್ದರೆ 5 ಸೆಕೆಂಡಿನಲ್ಲಿ ಬರಿದಾದೀತು. 10 ಇದ್ದರೆ 50 ಸೆಕೆಂಡು ಕಾಯಬೇಕು.

ಮನೆಯ 230 ವೋಲ್ಟಿನ ಲೈನಿನಿಂದ ಈ ಯಂತ್ರವನ್ನು ನಡೆಸಲೇಬಾರದು. ಇಗ್ನಿಷನ್ ಕಾಯಿಲಿನ ಒಳಸುತ್ತಿಗೂ ಹೊರಸುತ್ತಿಗೂ ಎಷ್ಟೋ ಸಲ ಒಂದು ತುದಿ ಒಂದೇ ಆಗಿರುತ್ತದೆ. ಲೈನು ನೇರವಾಗಿ ಪ್ಲಗ್ಗಿನ ತಂತಿಗೆ ಬಂದೀತು. ಬ್ಯಾಟರಿಯೇ ಗತಿ.

ಈಗ ಬೇಲಿಯ ಪ್ರಶ್ನೆಗೆ ಬರೋಣ. ಪೇಟೆಯ ಝಟಕಾ ಮಷಿನ್ ಕೂಡ ಕಂಡೆನ್ಸರ್ ಸುರಿಯುವ ಯಂತ್ರವೇ. ಆದರೆ ಅದರ ಮಿಡಿತ ಸುಮಾರು ಸೆಕೆಂಡಿಗೊಂದು, ಅದೂ ಕ್ಷಣಮಾತ್ರ. ನಡುವಿನ ಬಿಡುವಿನಲ್ಲಿ ಹಿಡಿದ ಕೈ ಬಿಡಬಹುದು. 500 ಓಮಿನ ಭಾರಕ್ಕೆ ಒಂದು ಮಿಡಿತದಲ್ಲಿ 5 ಜೂಲಿಗಿಂತ ಹೆಚ್ಚು ಶಕ್ತಿ ಹೋಗಕೂಡದೆಂದು ಅಂತರರಾಷ್ಟ್ರೀಯ ಕಟ್ಟಳೆಯಿದೆ. ಲೈನಿನ ಕರೆಂಟು ಹಾಗಲ್ಲ. ಅದು ಸ್ನಾಯುವನ್ನು ಬಿಗಿದು ಹಿಡಿದ ಕೈಯನ್ನು ಬಿಡಿಸಗೊಡದು. ಬೇಲಿಗೆ ಲೈನು ಕಟ್ಟಿ ಹಂದಿಯ ಬದಲು ಮನುಷ್ಯರು ಸತ್ತ ಸುದ್ದಿಯನ್ನು ನಾವೆಲ್ಲರೂ ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ.

ಆದುದರಿಂದ ನಾವು ಹೇಳುವುದಿಷ್ಟು. ನಾವು ಮಾಡಿದ ಯಂತ್ರ ಮೇಜಿನ ಮೇಲೆ ಕಲಿಯಲಿಕ್ಕೆ ಮಾತ್ರ. ಅದರ ಮಿಡಿತವನ್ನು ನಾವು ಅಳೆದಿಲ್ಲ. ಅಳೆಯುವ ಸಾಧನವೂ ನಮ್ಮಲ್ಲಿಲ್ಲ. ಹೊಲಕ್ಕೆ ಪ್ರಮಾಣಿತ ಝಟಕಾ ಮಷಿನ್ನನ್ನೇ ಕೊಳ್ಳಬೇಕು, ಬೇಲಿಗೆ ಎಚ್ಚರಿಕೆಯ ಫಲಕ ತೂಗುಹಾಕಬೇಕು. ಈ ಸಲ ಊರಿಗೆ ಫೋನು ಮಾಡಿದಾಗ, ಬೇಲಿಗೆ ಏನು ಕಟ್ಟಿದ್ದೀರಿ ಎಂದು ಅಣ್ಣತಮ್ಮಂದಿರನ್ನು ಒಂದು ಮಾತು ಕೇಳಿರಿ.